ಸಚಿನ್ ಮನೆಯವರು ಅಸಲಿಗೆ ಏನ್ ಮಾಡಿದ್ರು?

ಪ್ರಶ್ನೆ: ಸರ್, ನಾವು ದಾವಣಗೆರೆಯಲ್ಲಿ ಇರೋದು. ಮಗನಿಗೆ ಹತ್ತು ವರ್ಷ, ಕ್ರಿಕೆಟ್ ಅಂದ್ರೆ ಊಟ ನಿದ್ದೆ ಏನೂ ಬೇಡ. ನಮ್ಮ ಯಜಮಾನ್ರು ದಿನಾ ನೆಟ್ಸ್ ಹಿಂದೆ ನಿಂತು ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಬಂದು ರಾತ್ರಿ ಟೀವಿಗೆ ಹಾಕಿ ಅವನ ತಪ್ಪು ತೋರಿಸ್ತಾರೆ. ಬೆಳೀತಾನಲ್ಲ ಅಂತ ಫುಲ್ ಸೈಜ್ ಬ್ಯಾಟೇ ಕೊಡ್ಸಿದಾರೆ. ಈಗ ಸ್ಕೂಲ್ ಬಿಡ್ಸಿ ಬೆಂಗಳೂರಿಗೆ ಶಿಫ್ಟ್ ಆಗೋಣ ಅಂತ ಹಟ. ಏನಾದ್ರೂ ಹೇಳಿದ್ರೆ "ತೆಂಡೂಲ್ಕರ್ ಮನೆಯವರು ಇಷ್ಟೆಲ್ಲಾ ಮಾಡಿದ್ದಕ್ಕೇ ಅವನು ಸಚಿನ್ ಆಗಿದ್ದು" ಅಂತಾರೆ. ಅವರ ಮನೇಲಿ ನಿಜವಾಗ್ಲೂ ಏನು ಮಾಡಿದ್ರು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ:

ಮೇಡಂ, ನಿಮ್ಮ ಪ್ರಶ್ನೆ ಓದಿ ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆನೂ ಆಯ್ತು. ಯಾಕಂದ್ರೆ ನೆಟ್ಸ್ ಹಿಂದೆ ನಿಂತ್ಕೊಳ್ಳೋ ಆ ಅಪ್ಪ ನಾನೂ ಆಗಿದ್ದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕೋಚಿಂಗ್ ಕೊಡ್ತಿದೀನಿ, ಊರೋರ ಮಕ್ಕಳ ಹತ್ರ ಎಷ್ಟು ತಾಳ್ಮೆ ಅಂತೀರಾ, ಆದ್ರೆ ನನ್ನ ಸ್ವಂತ ಮಗ ಪ್ಯಾಡ್ ಕಟ್ಟಿದ ಅಂದ್ರೆ ಮುಗೀತು, ನೆಟ್ಟಿಗೆ ಮೂಗು ಒತ್ಕೊಂಡು ನಿಂತು "ಎಲ್ಬೋ, ಎಲ್ಬೋ" ಅಂತ ಅರಚ್ತಿದ್ದೆ. ಎರಡು ಸೀಸನ್ ಆದ್ಮೇಲೆ ಅವನಿಗೆ ಪ್ರತಿ ಶನಿವಾರ ಬೆಳಿಗ್ಗೆ ಹೊಟ್ಟೆನೋವು ಶುರುವಾಯ್ತು, ಭಾನುವಾರ ಸಾಯಂಕಾಲ ವಾಸಿ ಆಗ್ತಿತ್ತು. ಈಗ ಅವನು ಶಟಲ್ ಆಡ್ತಾನೆ, ನನಗೆ ಶಟಲ್ ಬರಲ್ಲ, ಇಬ್ರೂ ಆರಾಮಾಗಿದೀವಿ.

ಸರಿ ವಿಷಯಕ್ಕೆ ಬರೋಣ. ನಿಮ್ಮ ಯಜಮಾನ್ರು ಹೇಳೋದು ಅರ್ಧ ನಿಜ. ಮನೆಯವರು ಮಾಡಿದ್ರು, ತುಂಬಾನೇ ಮಾಡಿದ್ರು. ಆದ್ರೆ ಏನು ಮಾಡಿದ್ರು ಅಂತ ನೋಡಿದ್ರೆ ನಿಮ್ಮ ಮನೇಲಿ ನಡೀತಿರೋದಕ್ಕೂ ಅದಕ್ಕೂ ಅಜಗಜಾಂತರ ಇದೆ.

ಮೊದ್ಲು ಆ ಮನೆ ಎಂಥದ್ದು ಅಂತ ತಿಳ್ಕೊಳ್ಳಿ. ಅಪ್ಪ ರಮೇಶ್ ತೆಂಡೂಲ್ಕರ್, ಮರಾಠಿ ಕವಿ, ಮುಂಬೈನ ಕೀರ್ತಿ ಕಾಲೇಜಲ್ಲಿ ಮರಾಠಿ ಪ್ರೊಫೆಸರು. ಅಮ್ಮ ರಜನಿ, ಎಲ್‌ಐಸಿ ಉದ್ಯೋಗಿ. ಇದ್ದಿದ್ದು ಬಾಂದ್ರಾ ಈಸ್ಟಿನ ಸಾಹಿತ್ಯ ಸಹವಾಸ್ ಅನ್ನೋ ಕಾಲೋನಿ, ಬರಹಗಾರರೇ ಸೇರ್ಕೊಂಡು ಸೊಸೈಟಿ ಮಾಡಿ ಕಟ್ಕೊಂಡಿದ್ದು, ಅಂದ್ರೆ ಅಕ್ಕಪಕ್ಕ ಎಲ್ಲಾ ಕವಿಗಳು, ಲೇಖಕರು, ಅವರ ನಡುವೆ ಈ ಪುಂಡ ಹುಡುಗ ಮಾವಿನ ಮರ ಹತ್ಕೊಂಡು ಕಿಟಕಿ ಗಾಜು ಒಡ್ಕೊಂಡು ಓಡಾಡ್ತಿದ್ದ. ಸಚಿನ್ ದೇವ್ ಬರ್ಮನ್ ಸಂಗೀತ ಅಂದ್ರೆ ಅಪ್ಪನಿಗೆ ಪ್ರಾಣ, ಅದಕ್ಕೇ ಆ ಹೆಸರು. ನಿತಿನ್, ಸವಿತಾ, ಅಜಿತ್ ಈ ಮೂರೂ ಜನ ಮೊದಲ ಹೆಂಡತಿಯ ಮಕ್ಕಳು, ಆಕೆ ತೀರಿಕೊಂಡ ಮೇಲೆ ಮದುವೆಯಾಗಿ ಬಂದ ರಜನಿಯವರ ಮಗ ಸಚಿನ್. 1973 ಏಪ್ರಿಲ್ 24ಕ್ಕೆ ಹುಟ್ಟಿದ್ದು, ಅಜಿತ್‌ಗಿಂತ ಸುಮಾರು ಹತ್ತು ವರ್ಷ ಚಿಕ್ಕವನು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಮುಂದೆ ಈ ಹುಡುಗನಿಗೋಸ್ಕರ ಅತಿ ಹೆಚ್ಚು ಓಡಾಡಿದ್ದು ಈ ಅಜಿತ್ತೇ. ಮಲತಾಯಿ, ಮಲತಮ್ಮ ಅನ್ನೋ ಮಾತು ಆ ಮನೇಲಿ ಇರ್ಲೇ ಇಲ್ಲ.

ಹಾಗಂತ ಕೇಳಿದ್ದೆಲ್ಲಾ ಸಿಕ್ತಿದ್ದ ಮನೆನೂ ಅಲ್ಲ. ಸೈಕಲ್ ಕಥೆ ಗೊತ್ತಾ ನಿಮಗೆ? ಕಾಲೋನಿ ಹುಡುಗರೆಲ್ಲರ ಹತ್ರ ಸೈಕಲ್ ಇತ್ತು, ಇವನಿಗೆ ಇರ್ಲಿಲ್ಲ, ನಾಲ್ಕು ಮಕ್ಕಳ ಸಂಸಾರ, ಮೇಷ್ಟ್ರ ಸಂಬಳ, ಅಪ್ಪ "ಆಯ್ತು ನೋಡೋಣ" ಅಂತ ದಿನ ತಳ್ತಿದ್ರು. ಸೈಕಲ್ ಬರೋ ತನಕ ಆಚೆ ಆಡೋಕೇ ಹೋಗಲ್ಲ ಅಂತ ಒಂದು ವಾರ ಹಟ ಹಿಡಿದ. ಬಾಲ್ಕನೀಲಿ ನಿಂತು ಕೆಳಗೆ ನೋಡೋಕೆ ಹೋಗಿ ಗ್ರಿಲ್ ಒಳಗೆ ತಲೆ ಸಿಗಾಕೊಳ್ತು. ಅರ್ಧ ಗಂಟೆ ಒದ್ದಾಟ, ಕೊನೆಗೆ ಅಮ್ಮ ತಲೆಗೆ ಎಣ್ಣೆ ಸುರಿದು ಎಳೆದು ಬಿಡ್ಸಿದ್ದು. ಇನ್ನು ಇವನು ಏನು ಮಾಡ್ಕೊಳ್ತಾನೋ ಅಂತ ಅಪ್ಪ ದುಡ್ಡು ಹೊಂದಿಸಿ ಸೈಕಲ್ ತಂದ್ರು. ತಂದು ಕೆಲವೇ ಗಂಟೇಲಿ ಗುದ್ಕೊಂಡು ಕಣ್ಣಿನ ಹತ್ರ ಹೊಲಿಗೆ ಹಾಕಿಸ್ಕೊಂಡ! ವಾಸಿ ಆಗೋ ತನಕ ಸೈಕಲ್ ಮುಟ್ಟೋ ಹಾಗಿಲ್ಲ ಅಂದ್ರಂತೆ ಅಪ್ಪ. ಅಷ್ಟೇ, ಹೊಡೆತ ಬಡಿತ ಏನಿಲ್ಲ.

ಅಪ್ಪನಿಗೆ ಕ್ರಿಕೆಟ್ ಬಗ್ಗೆ ಅಂಥಾ ಹುಚ್ಚೇನೂ ಇರ್ಲಿಲ್ಲ, ಇದೇ ಆ ಹುಡುಗನ ಅದೃಷ್ಟ ಅಂತ ನನಗೆ ಎಷ್ಟೋ ಸಲ ಅನ್ಸಿದೆ. ಕವಿಗೆ ಕವರ್ ಡ್ರೈವ್ ಬಗ್ಗೆ ಅಭಿಪ್ರಾಯ ಇರಲ್ಲ ನೋಡಿ.

ಅಭಿಪ್ರಾಯ ಇದ್ದಿದ್ದು ಅಜಿತ್‌ಗೆ. ಕಾಲೇಜು, ಕ್ಲಬ್ ಮಟ್ಟದಲ್ಲಿ ಸ್ವತಃ ಆಡ್ತಿದ್ದೋನು. ತಮ್ಮ ಕಾಲೋನೀಲಿ ಟೆನ್ನಿಸ್ ಬಾಲಲ್ಲಿ ಹೊಡೀತಿದ್ದಾಗ ಆ ಬ್ಯಾಟ್ ಬೀಸೋ ರೀತೀಲಿ ಏನೋ ಇದೆ ಅಂತ ಗಮನಿಸಿದ. ಇಲ್ಲಿ ನಿಲ್ಲಿ ಮೇಡಂ, ಮುಂದೆ ಅವನು ಏನು ಮಾಡ್ದ ಅನ್ನೋದೇ ನಿಮ್ಮ ಯಜಮಾನ್ರಿಗೆ ತೋರಿಸ್ಬೇಕಾಗಿರೋದು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ, ಕ್ರಿಕೆಟ್ ಗೊತ್ತಿದ್ದೋನು, ಮನೇಲೇ ಪ್ರತಿಭೆ ಇದೆ ಅಂತ ಕಂಡಿದೆ, ತಾನೇ ಕಲಿಸ್ಬಹುದಿತ್ತು ತಾನೆ? ಕಲಿಸ್ಲಿಲ್ಲ. ತನಗಿಂತ ಚೆನ್ನಾಗಿ ಕಲಿಸೋರು ಯಾರು ಅಂತ ಯೋಚನೆ ಮಾಡಿ 1984ರಲ್ಲಿ, ತಮ್ಮನಿಗೆ ಹನ್ನೊಂದು ವರ್ಷ ಇದ್ದಾಗ, ಮುಂಬೈನ ಶಿವಾಜಿ ಪಾರ್ಕ್ ಮೈದಾನಕ್ಕೆ ಕರ್ಕೊಂಡು ಹೋಗಿ ಕೋಚ್ ರಮಾಕಾಂತ್ ಅಚ್ರೇಕರ್ ಕೈಗೆ ಒಪ್ಪಿಸಿದ.

ಒಪ್ಪಿಸಿದ ದಿನ ಏನಾಯ್ತು? ಹುಡುಗ ಫೇಲು. ಅಲ್ಲೀ ತನಕ ಆಡಿದ್ದು ಬರೀ ಟೆನ್ನಿಸ್ ಬಾಲು, ಇಲ್ಲಿ ಲೆದರ್ ಬಾಲು, ಸುತ್ತ ಗೊತ್ತಿಲ್ಲದ ಹುಡುಗರು, ಎದುರಿಗೆ ಅಷ್ಟು ದೊಡ್ಡ ಕೋಚು, ಭಯಕ್ಕೆ ಬ್ಯಾಟೇ ಆಡ್ಲಿಲ್ಲ. ಇನ್ನೂ ಚಿಕ್ಕವನು, ಆಮೇಲೆ ಕರ್ಕೊಂಡು ಬನ್ನಿ ಅನ್ನೋ ಮಾತು ಬಂತು. ಆಗ ಅಜಿತ್ ತಮ್ಮನ್ನ ಬೈಲಿಲ್ಲ, "ಮನೇಲಿ ಹಂಗೆ ಹೊಡೀತೀಯ ಇಲ್ಲೇನು ಬಂತು ರೋಗ" ಅಂತ ಕೇಳ್ಲಿಲ್ಲ (ನಾನಾಗಿದ್ರೆ ಕೇಳ್ತಿದ್ದೆ). ಸೀದಾ ಕೋಚ್ ಹತ್ರ ಹೋಗಿ, ನೀವು ನೋಡ್ತಿದೀರ ಅಂತ ಗಾಬರಿ ಆಗಿದಾನೆ, ಇನ್ನೊಂದು ಚಾನ್ಸ್ ಕೊಡಿ, ಆದ್ರೆ ನೀವು ಹೊರಟು ಹೋದ ಹಾಗೆ ಮಾಡಿ ದೂರದಲ್ಲಿ ನಿಂತು ನೋಡಿ ಅಂತ ಕೇಳ್ಕೊಂಡ. ಅಚ್ರೇಕರ್ ಹಾಗೇ ಮಾಡಿದ್ರು. ಯಾರೂ ನೋಡ್ತಿಲ್ಲ ಅಂತ ಗೊತ್ತಾದ್ಮೇಲೆ ಹುಡುಗ ಆಡಿದ, ಸೇರಿಸ್ಕೊಂಡ್ರು.

ಯಾರೂ ನೋಡ್ತಿಲ್ಲ ಅಂತ ಗೊತ್ತಾದ್ಮೇಲೆ! ಈ ಒಂದು ಸಾಲನ್ನ ನಮ್ಮ ಅಕಾಡೆಮಿ ಗೇಟಿಗೆ ಬರೆಸ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ, ಆದ್ರೆ ಫೀಸ್ ಕೊಡೋರು ಆ ನೋಡೋ ಅಪ್ಪಂದಿರೇ ಆಗಿರೋದ್ರಿಂದ ಧೈರ್ಯ ಬಂದಿಲ್ಲ.

ಆಮೇಲೇನು ಶತಕದ ಮೇಲೆ ಶತಕ ಅಂದ್ಕೊಂಡ್ರಾ? ಕ್ಲಬ್ಬಿಗೆ ಆಡಿದ ಮೊದಲ ಮ್ಯಾಚಲ್ಲಿ ಮೊದಲ ಬಾಲಿಗೇ ಔಟ್, ಅದೂ ಕಾಲೋನಿ ಸ್ನೇಹಿತರನ್ನೆಲ್ಲಾ ನೋಡೋಕೆ ಬನ್ನಿ ಅಂತ ಕರ್ಕೊಂಡು ಹೋಗಿದ್ದ ದಿನ. ಎರಡನೇ ಮ್ಯಾಚಲ್ಲೂ ಸೊನ್ನೆ. ಮೂರನೇದ್ರಲ್ಲಿ ಒಂದು ರನ್ನು. ಈಗಿನ ಕಾಲದ ಅಪ್ಪ ಆಗಿದ್ರೆ ಅಷ್ಟರೊಳಗೆ ಎರಡು ಅಕಾಡೆಮಿ ಬದಲಾಯ್ಸಿ ಆಗಿರ್ತಿತ್ತು.

ಈಗ ನಿಮ್ಮ ಸ್ಕೂಲ್ ವಿಷಯ. ಸಚಿನ್ ಸ್ಕೂಲ್ ಬದಲಾಯ್ಸಿದ್ದು ನಿಜ, ಬಿಟ್ಟಿದ್ದು ಸುಳ್ಳು. ಬಾಂದ್ರಾದ ನ್ಯೂ ಇಂಗ್ಲಿಷ್ ಸ್ಕೂಲಲ್ಲಿ ಓದ್ತಿದ್ದ, ಅಲ್ಲಿ ಹೇಳ್ಕೊಳ್ಳೋ ಅಂಥಾ ಕ್ರಿಕೆಟ್ ಇರ್ಲಿಲ್ಲ. ಶಾರದಾಶ್ರಮ ವಿದ್ಯಾಮಂದಿರಕ್ಕೆ ಹಾಕಿ ಅಂತ ಸಲಹೆ ಕೊಟ್ಟಿದ್ದು ಅಚ್ರೇಕರ್, ಅಲ್ಲಿನ ಟೀಮಿಗೆ ಅವರೇ ಕೋಚು. ಮುಂಬೈ ಕ್ರಿಕೆಟ್ಟಲ್ಲಿ ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್ ಅಂತ ಸ್ಕೂಲ್ ಟೂರ್ನಮೆಂಟುಗಳೇ ಏಣಿಯ ಮೊದಲ ಮೆಟ್ಲು, ಸ್ಕೂಲಿಗೆ ಹೋಗ್ಲಿಲ್ಲ ಅಂದ್ರೆ ಆ ಏಣಿ ಹತ್ತೋಕೇ ಆಗಲ್ಲ. ಅಂದ್ರೆ ಅವನ ಕ್ರಿಕೆಟ್ಟಿಗೆ ಸ್ಕೂಲೇ ಬೇಕಾಗಿತ್ತು, ಇದನ್ನ ಯಜಮಾನ್ರಿಗೆ ಒತ್ತಿ ಹೇಳಿ.

ತೊಂದ್ರೆ ಇದ್ದಿದ್ದು ದೂರದ್ದು. ಬಾಂದ್ರಾದಿಂದ ಶಿವಾಜಿ ಪಾರ್ಕಿಗೆ 315 ನಂಬರ್ ಬಸ್ಸು, ಬೆಳಿಗ್ಗೆ ಹೋಗು ಬಾ, ಮತ್ತೆ ಸಾಯಂಕಾಲ ಹೋಗು ಬಾ, ತನಗಿಂತ ದೊಡ್ಡ ಕಿಟ್ ಬ್ಯಾಗು, ಆ ರಶ್ಶಲ್ಲಿ ಬ್ಯಾಗಿಗೂ ಒಂದು ಟಿಕೆಟ್ ತಗೋ ಅನ್ನೋ ಕಂಡಕ್ಟರು. ಮೊದಲ ಬೇಸಿಗೆ ರಜೆಯ 60 ದಿನದಲ್ಲಿ 55 ಪ್ರಾಕ್ಟೀಸ್ ಮ್ಯಾಚ್ ಆಡಿದಾನೆ ಅಂದ್ರೆ ಲೆಕ್ಕ ಹಾಕಿ. ಇದ್ದಿದ್ದು ಒಂದೇ ಜೊತೆ ಕ್ರಿಕೆಟ್ ಬಟ್ಟೆ. ಬೆಳಗಿನ ಪ್ರಾಕ್ಟೀಸ್ ಮುಗಿಸಿ ಮನೆಗೆ ಬಂದ ತಕ್ಷಣ ಒಗೆದು ಬಿಸಿಲಿಗೆ ಹಾಕೋದು, ಮಧ್ಯಾಹ್ನ ಅದನ್ನೇ ಹಾಕ್ಕೊಂಡು ಹೊರಡೋದು, ವಾಪಸ್ ಬಂದು ಮತ್ತೆ ಒಗೆಯೋದು. ಶರ್ಟು ಪ್ಯಾಂಟೇನೋ ಒಣಗ್ತಿತ್ತು, ಪ್ಯಾಂಟ್ ಜೇಬು ಮಾತ್ರ ಒಣಗ್ತಿರ್ಲಿಲ್ಲ, ಆ ಬೇಸಿಗೆ ಪೂರ್ತಿ ಒದ್ದೆ ಜೇಬಲ್ಲೇ ಆಡಿದ್ದು ಅಂತ ಅವನೇ ನೆನಪಿಸ್ಕೊಂಡಿದಾನೆ. ನನಗೆ ಆ ಹುಡುಗನ ಬಾಲ್ಯದಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಆ ಒದ್ದೆ ಜೇಬು. ಬಟ್ಟೆ ಒಗೆದಿರೋರಿಗೆ ಮಾತ್ರ ಗೊತ್ತು ಜೇಬು ಲೇಟಾಗಿ ಒಣಗುತ್ತೆ ಅಂತ.

ಹುಡುಗ ಸುಸ್ತಾಗಿ ಬಸವಳಿಯೋದು ನೋಡಿ ಮನೆಯವರು ಒಂದು ತೀರ್ಮಾನ ಮಾಡಿದ್ರು. ಶಿವಾಜಿ ಪಾರ್ಕ್ ಹತ್ರಾನೇ ಇದ್ದ ಚಿಕ್ಕಪ್ಪ ಚಿಕ್ಕಮ್ಮನ ಮನೇಲಿ ಬಿಡೋದು. ನಾಲ್ಕು ವರ್ಷ ಅಲ್ಲೇ ಇದ್ದ. ಇಡೀ ಸಂಸಾರ ಗಂಟುಮೂಟೆ ಕಟ್ಟಿ ಶಿಫ್ಟ್ ಆಗ್ಲಿಲ್ಲ ನೋಡಿ, ಅಪ್ಪನ ಕಾಲೇಜು, ಅಮ್ಮನ ಆಫೀಸು ಎಲ್ಲಾ ಹಾಗೇ ನಡೀತಿತ್ತು. ತಾಯಿಗೆ ಹೇಗಾಗಿರ್ಬೇಡ ಅಂತ ನನಗಿಂತ ನಿಮಗೇ ಚೆನ್ನಾಗಿ ಅರ್ಥ ಆಗುತ್ತೆ, ಸಂಜೆ ಆಫೀಸಿಂದ ಬಂದ್ರೆ ಕೊನೇ ಮಗ ಮನೇಲಿಲ್ಲ. ಆ ಚಿಕ್ಕಮ್ಮನ ಬಗ್ಗೆ ಸಚಿನ್ 2013ರಲ್ಲಿ ವಾಂಖೆಡೆಯಲ್ಲಿ ನಿವೃತ್ತಿ ದಿನ ಮಾತಾಡ್ತಾ ಹೇಳಿದ್ದು ನೆನಪಿರ್ಬೇಕು, ದಿನವೆಲ್ಲಾ ಆಡಿ ಬಂದು ತೂಕಡಿಸ್ತಿದ್ರೆ ನಾಳೆ ಮತ್ತೆ ಆಡೋಕೆ ಶಕ್ತಿ ಬೇಕಲ್ಲ ಅಂತ ಆ ನಿದ್ದೆಗಣ್ಣಲ್ಲೇ ಬಾಯಿಗೆ ತುತ್ತು ಇಡ್ತಿದ್ರಂತೆ. ಅವರಿಗೆ ಸ್ಟ್ರೈಟ್ ಡ್ರೈವ್ ಅಂದ್ರೇನು ಗೊತ್ತಿತ್ತೋ ಇಲ್ವೋ, ತುತ್ತು ಇಡೋಕೆ ಗೊತ್ತಿತ್ತು.

ಹೀಗೇ ಒಬ್ಬೊಬ್ಬರದ್ದೂ ಒಂದೊಂದು ಕೆಲಸ. ಮೊದಲ ಬ್ಯಾಟ್, ಕಾಶ್ಮೀರ್ ವಿಲ್ಲೋ ಮರದ್ದು, ತಂದ್ಕೊಟ್ಟಿದ್ದು ಅಕ್ಕ ಸವಿತಾ, ಮುಂದೆ ಇವನು ಬ್ಯಾಟಿಂಗ್ ಮಾಡೋವಾಗೆಲ್ಲಾ ಆಕೆ ಉಪವಾಸ ಇರ್ತಿದ್ರು. ದೊಡ್ಡಣ್ಣ ನಿತಿನ್ ಜಾಸ್ತಿ ಮಾತಾಡೋರಲ್ಲ. ಅಪ್ಪ ಶಿವಾಜಿ ಪಾರ್ಕಿಗೆ ಬಂದ್ರೆ ಹುಡುಗನ ವರಾತ ಒಂದೇ, ಜ್ಯೂಸ್ ಕೊಡ್ಸು, ಅಪ್ಪ ಕೊಡಿಸ್ತಿದ್ರು. ಬಂದಿದ್ದು ಮಗನ ಬ್ಯಾಟಿಂಗ್ ಎಷ್ಟು ಸುಧಾರಿಸಿದೆ ಅಂತ ಅಳೆಯೋಕಲ್ಲ. ಹನ್ನೊಂದನೇ ವಯಸ್ಸಲ್ಲಿ ಅವರು ಹೇಳಿದ್ದು, ನಿನ್ನ ಕನಸಿನ ಹಿಂದೆ ಹೋಗು, ಆದ್ರೆ ಅಡ್ಡದಾರಿ ಹಿಡೀಬೇಡ ಅನ್ನೋದಷ್ಟೇ.

ಮತ್ತೆ ಕಡಕ್ಕಾಗಿ ಇದ್ದಿದ್ದು ಯಾರು? ಅಚ್ರೇಕರ್. ಆ ಇಲಾಖೆ ಪೂರ್ತಿ ಅವರದ್ದು. ಪ್ರಾಕ್ಟೀಸ್ ಕೊನೇಲಿ ಸ್ಟಂಪ್ ಮೇಲೆ ಒಂದು ರೂಪಾಯಿ ನಾಣ್ಯ ಇಡೋರು, ಔಟ್ ಮಾಡಿದ ಬೌಲರ್‌ಗೆ ಅದು, ಔಟಾಗದೆ ಉಳಿದ್ರೆ ಸಚಿನ್‌ಗೆ, ಹಾಗೆ ಗೆದ್ದ 13 ನಾಣ್ಯ ಇವತ್ತಿಗೂ ಇಟ್ಕೊಂಡಿದಾನೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ, ಬಿಡಿ. ಒಂದೇ ದಿನ ಒಂದು ಮೈದಾನದಲ್ಲಿ ಔಟಾದ ತಕ್ಷಣ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಇನ್ನೊಂದು ಮೈದಾನಕ್ಕೆ ಬಿಡೋರು. ಒಂದಿನ ತನ್ನ ಮ್ಯಾಚ್ ತಪ್ಪಿಸಿ ಸೀನಿಯರ್ ಹುಡುಗರ ಫೈನಲ್ ನೋಡೋಕೆ ವಾಂಖೆಡೆಗೆ ಹೋಗಿದ್ದ, ಅಲ್ಲೇ ಸಿಕ್ಕಿಬಿದ್ದ, ಕಪಾಳಕ್ಕೆ ಬಿದ್ದ ಏಟಿಗೆ ಕೈಲಿದ್ದ ಟಿಫನ್ ಡಬ್ಬಿ ಹಾರಿಹೋಯ್ತು. ಬೇರೆಯವರಿಗೆ ಚಪ್ಪಾಳೆ ತಟ್ಟೋಕೆ ಬರ್ಬೇಡ, ಜನ ನಿನಗೆ ಚಪ್ಪಾಳೆ ತಟ್ಟೋ ಹಾಗೆ ಆಡು ಅಂದ್ರು. ಏಟನ್ನ ನಾನು ಒಪ್ಪಲ್ಲ, ಈಗಿನ ಕಾಲಕ್ಕೆ ಯಾರೂ ಒಪ್ಬಾರ್ದು. ಆದ್ರೆ ಗಮನಿಸಿ, ಮೈದಾನದಲ್ಲಿ ಬೈಯೋಕೆ ಒಬ್ರು ಇದ್ದಿದ್ರಿಂದ ಮನೇಲಿ ಬೈಯೋರು ಯಾರೂ ಬೇಕಾಗಿರ್ಲಿಲ್ಲ, ಮನೆ ಮನೆಯಾಗೇ ಉಳೀತು. ನಿಮ್ಮ ಹುಡುಗನಿಗೆ ನೆಟ್ಸಲ್ಲೂ ಕೋಚು, ಮನೇಲಿ ಟೀವಿ ಮುಂದೆನೂ ಕೋಚು. ಅವನು ಎಲ್ಲಿಗೆ ಹೋಗ್ಬೇಕು?

ಇನ್ನೊಂದು ಘಟನೆ ಹೇಳ್ಬಿಡ್ತೀನಿ. ಆಗ ಸ್ಕೂಲ್ ಮ್ಯಾಚಲ್ಲಿ 30 ರನ್ ಹೊಡೆದ್ರೆ ಪೇಪರಲ್ಲಿ ಹೆಸರು ಬರ್ತಿತ್ತು. ಸಚಿನ್ ಹೊಡೆದಿದ್ದು 24. ಎಕ್ಸ್‌ಟ್ರಾದಿಂದ (ಅಂದ್ರೆ ಬ್ಯಾಟಿಂದ ಬರದೇ ಟೀಮಿಗೆ ಸಿಕ್ಕ ರನ್ನಿಂದ) ಆರು ಸೇರಿಸಿ 30 ಮಾಡ್ಲಾ ಅಂದ ಸ್ಕೋರರ್, ಹುಡುಗ ಹೂಂ ಅಂದ. ಮಾರನೇ ದಿನ ಪೇಪರಲ್ಲಿ ಹೆಸರು ನೋಡಿ ಖುಷಿಯಾಗಿ ಹೋದ್ರೆ ಅಚ್ರೇಕರ್ ಸರಿಯಾಗಿ ಬೆಂಡೆತ್ತಿದ್ರು, ನೀನು ಹೊಡೀದೇ ಇರೋ ರನ್ ನಿನ್ನ ಹೆಸರಿಗೆ ಹ್ಯಾಗೆ ಬಂತು ಅಂತ. ಪೇಪರ್ ಅಂದಾಗ ನಮ್ಮ ದ್ರಾವಿಡ್ ನೆನಪಾಗ್ತಾನೆ. ಅವನು ಸ್ಕೂಲಲ್ಲಿ ಮೊದಲ ಸೆಂಚುರಿ ಹೊಡೆದಾಗ ಪೇಪರಿನೋರು ದ್ರಾವಿಡ್ ಅನ್ನೋದು ತಪ್ಪಿರ್ಬೇಕು ಅಂತ ತಿದ್ದಿ ರಾಹುಲ್ ಡೇವಿಡ್ ಅಂತ ಹಾಕಿದ್ರು! ನೋಡಿ, ಅವನೂ 1973ರಲ್ಲೇ ಹುಟ್ಟಿದ್ದು, ಅವನಮ್ಮ ಪುಷ್ಪಾ ಬೆಂಗಳೂರಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜಲ್ಲಿ ಆರ್ಕಿಟೆಕ್ಚರ್ ಪ್ರೊಫೆಸರು, ಅಪ್ಪ ಶರದ್ ಕಿಸಾನ್ ಜಾಮ್ ಕಂಪನೀಲಿ ಇದ್ರು, ಜ್ಯಾಮಿ ಅನ್ನೋ ಅಡ್ಡಹೆಸರು ಬಂದಿದ್ದೇ ಅದರಿಂದ. ಅವನಂತೂ ಬಿಕಾಂ ಮುಗಿಸಿ ಎಂಬಿಎ ಓದ್ತಿದ್ದಾಗ ಇಂಡಿಯಾ ಟೀಮಿಗೆ ಬಂದೋನು. ಆ ಅಪ್ಪನಿಗೆ ಕ್ರಿಕೆಟ್ ಪ್ರೀತಿ ಜೋರಾಗೇ ಇತ್ತು, ಮಗನ್ನ ಮ್ಯಾಚ್ ನೋಡೋಕೆ ಕರ್ಕೊಂಡು ಹೋಗ್ತಿದ್ರು, ಆದ್ರೆ ಕಲಿಸಿದ್ದು ಚಿನ್ನಸ್ವಾಮಿ ಸ್ಟೇಡಿಯಂನ ಸಮ್ಮರ್ ಕ್ಯಾಂಪಿನ ಕೇಕಿ ತಾರಾಪೋರ್.

ಮುಂದಿನದು ನಿಮ್ಮ ಯಜಮಾನ್ರಿಗೆ ಬಾಯಿಪಾಠ ಇರುತ್ತೆ, 1988 ಫೆಬ್ರವರೀಲಿ ಸ್ಕೂಲ್ ಮ್ಯಾಚಲ್ಲಿ ಗೆಳೆಯ ವಿನೋದ್ ಕಾಂಬ್ಳಿ ಜೊತೆ 664 ರನ್ ಪಾರ್ಟ್ನರ್‌ಶಿಪ್ಪು, ಅದೇ ಡಿಸೆಂಬರಲ್ಲಿ ಗುಜರಾತ್ ಮೇಲೆ ರಣಜಿ ಮೊದಲ ಮ್ಯಾಚಲ್ಲೇ ಸೆಂಚುರಿ, ಮುಂದಿನ ನವೆಂಬರಲ್ಲಿ ಕರಾಚೀಲಿ ಮೊದಲ ಟೆಸ್ಟು, ವಯಸ್ಸು ಹದಿನಾರು. ಒಂದು ಮಾತ್ರ ನೆನಪಿಸಿ, ಆ 664ರ ಮ್ಯಾಚಲ್ಲಿ ಸಚಿನ್ ಒಟ್ಟು 326, ಕಾಂಬ್ಳಿ ಒಟ್ಟು 349. ಜಾಸ್ತಿ ಹೊಡೆದಿದ್ದು ಕಾಂಬ್ಳಿ. ಅದೇ ಸ್ಕೂಲು, ಅದೇ ಕೋಚು, ಆದ್ರೂ ಅವನು ಸಚಿನ್‌ನಷ್ಟು ದೂರ ಹೋಗ್ಲಿಲ್ಲ. ಹಾಗಾಗಿ ಇಂಥಾ ಮನೆ ಇದ್ರೆ ಇಂಥಾ ಆಟಗಾರ ತಯಾರಾಗ್ತಾನೆ ಅನ್ನೋ ಫಾರ್ಮುಲಾ ನಾನು ಕೊಡ್ತಿಲ್ಲ. ಶಿವಾಜಿ ಪಾರ್ಕಲ್ಲಿ ಅಷ್ಟೇ ಒಳ್ಳೆ ಮನೆಯಿಂದ ಬಂದ ಸಾವಿರಾರು ಹುಡುಗರು ಆಡಿ ಹೋಗಿದಾರೆ, ಬ್ಯಾಂಕಲ್ಲಿ ಕೆಲಸ ಮಾಡ್ಕೊಂಡು ಚೆನ್ನಾಗಿದಾರೆ.

ಆ ಮನೆಯವರು ಕೊನೇವರೆಗೂ ಹಾಗೇ ಇದ್ರು. 1999ರ ವರ್ಲ್ಡ್ ಕಪ್ ಮಧ್ಯೆ ಅಪ್ಪ ತೀರಿಕೊಂಡ್ರು, ಸಚಿನ್ ಇಂಗ್ಲೆಂಡಿಂದ ಬಂದ, ವಾಪಸ್ ಹೋಗಿ ಆಡು ಅಂದಿದ್ದು ಅಮ್ಮನೇ. ಬ್ರಿಸ್ಟಲ್ಲಲ್ಲಿ ಕೀನ್ಯಾ ಮೇಲೆ ಔಟಾಗದೆ 140. ಆ ಅಮ್ಮ ಸ್ಟೇಡಿಯಂಗೆ ಬಂದು ಮಗನ ಆಟ ನೋಡಿದ್ದು ಒಂದೇ ಸಲ, ಅದೂ 200ನೇ ಟೆಸ್ಟು, ಕೊನೇದು, ವೀಲ್‌ಚೇರಲ್ಲಿ ಬಂದಿದ್ರು. ಇಪ್ಪತ್ನಾಲ್ಕು ವರ್ಷದ ಕರಿಯರಲ್ಲಿ ಒಂದೇ ಸಲ ಮೇಡಂ! ಅಜಿತ್ ಅಂತೂ ಕೊನೇ ಇನ್ನಿಂಗ್ಸಲ್ಲಿ ಔಟಾದ ರಾತ್ರಿನೂ ಫೋನ್ ಮಾಡಿ ಹೇಗೆ ಔಟಾದೆ ಅಂತ ಚರ್ಚೆ ಮಾಡಿದಾನೆ, ಇನ್ನೊಂದು ಸಲ ಬ್ಯಾಟಿಂಗ್ ಸಿಗೋದು ತೀರಾ ಅನುಮಾನ ಅಂತ ಗೊತ್ತಿದ್ರೂ. ನಿಮ್ಮ ಯಜಮಾನ್ರು ಇಲ್ಲಿ "ನೋಡಿದ್ಯಾ, ಅವರೂ ತಪ್ಪು ಹೇಳ್ತಿದ್ರು" ಅಂತಾರೆ, ಹೇಳ್ಲಿ. ಅದು ನಲವತ್ತರ ಆಟಗಾರನ ಜೊತೆ ಅಣ್ಣನ ಮಾತು, ಇಬ್ರಿಗೂ ಅದರಲ್ಲೇ ಸುಖ ಇತ್ತು. ಹತ್ತು ವರ್ಷದ ಹುಡುಗನಿಗೆ ರಾತ್ರಿ ಒಂಬತ್ತಕ್ಕೆ ಸ್ಲೋ ಮೋಷನ್ ಹಾಕಿ ತೋರಿಸೋದು ಬೇರೆ.

ಹಾಗಾಗಿ ನೀವು ಕೇಳಿದ್ದಕ್ಕೆ ನನ್ನ ಉತ್ತರ. ಬೆಂಗಳೂರು ಈಗ ಬೇಡ. ಹತ್ತು ವರ್ಷಕ್ಕೆ ಬೇಕಾಗಿರೋ ಕ್ರಿಕೆಟ್ ದಾವಣಗೆರೆಯಲ್ಲಿ ಧಾರಾಳವಾಗಿದೆ, ಹದಿಮೂರು ಹದಿನಾಲ್ಕಕ್ಕೆ ಕೋಚೇ ಬಾಯ್ಬಿಟ್ಟು ಕಳ್ಸಿ ಅಂದ್ರೆ ಆಗ ಯೋಚನೆ ಮಾಡಿ, ಆಗ್ಲೂ ಮೊದ್ಲು ಹುಡುಗನ್ನ ಕೇಳಿ. ಸ್ಕೂಲ್ ಬಿಡಿಸೋದು ಬೇಡವೇ ಬೇಡ. ವಿಡಿಯೋ ನಿಲ್ಲಿಸೋಕೆ ಯಜಮಾನ್ರು ಒಪ್ಪಲ್ಲ ಅಂದ್ರೆ ಒಂದು ಉಪಾಯ ಇದೆ, ವಿಡಿಯೋ ಮಾಡ್ಲಿ, ಮಾಡಿ ಕೋಚಿಗೆ ವಾಟ್ಸಾಪ್ ಮಾಡ್ಲಿ, ಟೀವಿಗೆ ಹಾಕೋದು ಬೇಡ. ಅರ್ಧಕ್ಕರ್ಧ ಕೋಚ್‌ಗಳು ಅದನ್ನ ಓಪನ್ನೇ ಮಾಡಲ್ಲ, ನಾನಂತೂ ಮಾಡಲ್ಲ.

ಆಮೇಲೆ ಆ ಫುಲ್ ಸೈಜ್ ಬ್ಯಾಟು. ಸಚಿನ್ ಬ್ಯಾಟ್ ಹಿಡಿನ ಅಷ್ಟು ಕೆಳಗೆ ಹಿಡ್ಕೊಳ್ತಿದ್ನಲ್ಲ, ಯಾಕೆ ಗೊತ್ತಾ? ಚಿಕ್ಕವನಿದ್ದಾಗ ಅಜಿತ್ ಬ್ಯಾಟಲ್ಲೇ ಆಡ್ತಿದ್ದ, ಹತ್ತು ವರ್ಷ ದೊಡ್ಡವನ ಬ್ಯಾಟು, ಭಾರ ತಡೀಬೇಕು ಅಂದ್ರೆ ಕೆಳಗೇ ಹಿಡೀಬೇಕು. ಅಚ್ರೇಕರ್ ಬದಲಾಯ್ಸೋಕೆ ನೋಡಿದ್ರು, ಹುಡುಗನಿಗೆ ಒಗ್ಗಲಿಲ್ಲ, ಬಿಟ್ಬಿಟ್ರು. ಅವನಿಗೆ ಅದು ನಡೀತು, ನೂರಕ್ಕೆ ತೊಂಬತ್ತೊಂಬತ್ತು ಹುಡುಗರಿಗೆ ಮಣಿಕಟ್ಟು ನೋವು ಬರುತ್ತೆ ಅಷ್ಟೇ. ಹತ್ತು ವರ್ಷಕ್ಕೆ ಸಾಮಾನ್ಯವಾಗಿ ಸೈಜ್ 5 ಸಾಕು, ಎತ್ತರ ಕಮ್ಮಿ ಇದ್ರೆ 4. ಅಂಗಡಿಗೆ ಹುಡುಗನ್ನೇ ಕರ್ಕೊಂಡು ಹೋಗಿ, ಮೇಲಿನ ಕೈ ಒಂದ್ರಲ್ಲೇ ಬ್ಯಾಟ್ ಎತ್ತಿ ಮುಂದಕ್ಕೆ ಚಾಚಿ ಹತ್ತು ಎಣಿಸೋ ತನಕ ಹಿಡ್ಕೊಳ್ಳೋಕೆ ಹೇಳಿ, ಕೈ ನಡುಗಿದ್ರೆ ಅದು ಅವನ ಬ್ಯಾಟಲ್ಲ. ಫುಲ್ ಸೈಜಿಂದನ್ನ ಎಣ್ಣೆ ಹಚ್ಚಿ ಅಟ್ಟದ ಮೇಲೆ ಇಡಿ, ಇಲ್ಲಾಂದ್ರೆ ಯಜಮಾನ್ರಿಗೇ ಕೊಟ್ಟು ಭಾನುವಾರ ಅವರನ್ನೂ ಆಡೋಕೆ ಕಳ್ಸಿ.